ಸ್ಟೈಪೆಂಡ್, ದೋಸೆ, ಪಾರ್ಕ್ ಬೆಂಚು: ಊರಿಂದ ಬಂದವರು ಬೆಂಗಳೂರಲ್ಲಿ ಎಲ್ಲಿ ಉಂಡರು?

ನೀವು ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ಪಿಜಿ ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಸ್ವಾಗತ. ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಇಡ್ಲಿ ಇದೆ, ದೋಸೆ ಇದೆ, ಕಡಲೆಕಾಯಿ ಇದೆ, ಒಂದು ಪಾರ್ಕ್ ಬೆಂಚಿದೆ. ಆದ್ರೂ ಇದು ಇತಿಹಾಸದ ಸಂಚಿಕೆನೇ. ಕೊನೇವರೆಗೂ ಕೇಳಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

2023ರ ನವೆಂಬರ್‌ನಲ್ಲಿ, ದೀಪಾವಳಿ ಮುಗಿಸಿಕೊಂಡು, ನಾನು ಹಾಸನ ಜಿಲ್ಲೆಯ ನಮ್ಮೂರಿಂದ ಬೆಂಗಳೂರಿಗೆ ಬಂದೆ. ಡಿಗ್ರಿಯ ಕೊನೇ ವರ್ಷ. ಕಾಲೇಜಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಅಂದಿದ್ರು. ಜಯನಗರದ ಹತ್ತಿರ ಒಂದು ಸಣ್ಣ ಆಫೀಸು, ಹತ್ತು ವಾರದ ಕೆಲಸ, ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್. ಮೂರು ಜನ ಇರೋ ರೂಮಿಗೆ ಪಿಜಿ ಬಾಡಿಗೆ 6,500. ಅದರಲ್ಲಿ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿತ್ತು. ಭಾನುವಾರ ರಾತ್ರಿ ಮಾತ್ರ ಅಡುಗೆಯವರಿಗೆ ರಜ. ಮಧ್ಯಾಹ್ನದ ಊಟ ನಮ್ಮದೇ ಪಾಡು. ಲೆಕ್ಕ ಹಾಕಿ ನೋಡಿ, ಕೈಯಲ್ಲಿ ಉಳಿಯೋದು 1,500. ಅಮ್ಮ ಫೋನ್‌ಪೇಯಲ್ಲಿ ಆಗಾಗ ಕಳಿಸ್ತಿದ್ದ ದುಡ್ಡು ಬೇರೆ.

ಆ ಹತ್ತು ವಾರದಲ್ಲಿ ನಾನು ಆಫೀಸಲ್ಲಿ ಕಲಿತಿದ್ದು ಸ್ವಲ್ಪ. ಜಾಸ್ತಿ ಕಲಿತಿದ್ದು ಆಫೀಸ್ ಬಿಟ್ಟ ಮೇಲೆ. ನನ್ನ ಜೊತೆ ಇನ್ನಿಬ್ಬರು ಇಂಟರ್ನ್‌ಗಳಿದ್ರು, ಕಲಬುರಗಿಯ ಒಬ್ಬ ಹುಡುಗಿ, ಕುಂದಾಪುರದ ಒಬ್ಬ ಹುಡುಗ. ಮೂವರ ಜೇಬೂ ಹೆಚ್ಚೂಕಮ್ಮಿ ಒಂದೇ ಥರ ಖಾಲಿ. ಹಾಗಾಗಿ ನಮ್ಮ ಶನಿವಾರ, ಭಾನುವಾರಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗ್ತಿದ್ವು: ಕಮ್ಮಿ ದುಡ್ಡಲ್ಲಿ ಎಲ್ಲಿ ತಿನ್ನೋದು, ಎಲ್ಲಿ ಕೂರೋದು?

ಈ ಪ್ರಶ್ನೆ ನಮ್ಮದು ಮಾತ್ರ ಅಂದ್ಕೊಂಡಿದ್ದೆ. ಹುಡುಕ್ತಾ ಹೋದ್ರೆ ಇದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಪ್ರಶ್ನೆ ಬರೀ ದುಡ್ಡಿನದ್ದಲ್ಲ.

ಏಳು ದಿನ, ಏಳು ಮನೆ

ಮೊದಲು ಹೋಟೆಲುಗಳೇ ಇಲ್ಲದ ಕಾಲಕ್ಕೆ ಹೋಗೋಣ. ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಓದೋಕೆ ಬಂದ ಬಡ ಹುಡುಗ ಊಟಕ್ಕೆ ಏನು ಮಾಡ್ತಿದ್ದ? ಅದಕ್ಕೊಂದು ಪದ ಇದೆ, ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಐದೇ ಮನೆ ಸಿಕ್ಕರೆ ಎರಡು ದಿನ ಉಪವಾಸ. ಆ ಮನೆಯವರು ಊರಿಗೆ ಹೋದ್ರೆ ಉಪವಾಸ, ಅವರ ಮನೇಲಿ ಸೂತಕ ಬಂದ್ರೂ ಉಪವಾಸ. ವಾರಾನ್ನ ಉಂಡು ಓದಿ ದೊಡ್ಡವರಾದ ಎಷ್ಟೋ ಜನ ತಮ್ಮ ನೆನಪುಗಳಲ್ಲಿ ಆ ಹಸಿವನ್ನೂ, ಅನ್ನ ಹಾಕಿದ ತಾಯಂದಿರನ್ನೂ ಒಟ್ಟಿಗೇ ನೆನೆಸಿಕೊಂಡಿದ್ದಾರೆ.

ಒಳ್ಳೇ ಪದ್ಧತಿ ಅನಿಸುತ್ತೆ ಅಲ್ವಾ? ಹೌದು, ಕರುಣೆ ಇತ್ತು. ಆದರೆ ಆ ಕರುಣೆಗೊಂದು ಬಾಗಿಲಿತ್ತು. ಮನೆಯೊಳಗೆ ಕರೆದು ಎಲೆ ಹಾಕಬೇಕು ಅಂದ್ರೆ ಹುಡುಗ ಯಾವ ಜಾತಿ ಅನ್ನೋದು ಮೊದಲು ಗೊತ್ತಾಗಬೇಕು. ವಾರಾನ್ನ ಸಿಗ್ತಿದ್ದದ್ದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ, ಬ್ರಾಹ್ಮಣರ ಮನೆಗಳಲ್ಲಿ. ಮಿಕ್ಕವರ ಮಕ್ಕಳು?

ಅವರಿಗಾಗಿ ಬಂದದ್ದು ವಿದ್ಯಾರ್ಥಿ ನಿಲಯಗಳು. ನೀವು ಮೆಜೆಸ್ಟಿಕ್‌ನಲ್ಲಿ ಇಳಿದಿದ್ರೆ ರೈಲ್ವೆ ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ ನೋಡಿರ್ತೀರಿ. ವ್ಯಾಪಾರ ಮಾಡಿ ಗಳಿಸಿದ ಹಣದಲ್ಲಿ ತೋಟದಪ್ಪನವರು 1897ರಲ್ಲಿ ಶುರು ಮಾಡಿದ ಧರ್ಮಛತ್ರ ಅದು. ಪ್ರಯಾಣಿಕರಿಗೆ ತಂಗೋಕೆ ಜಾಗ, ವೀರಶೈವ-ಲಿಂಗಾಯತ ವಿದ್ಯಾರ್ಥಿಗಳಿಗೆ ಉಚಿತ ನಿಲಯ. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಹಳ್ಳಿಯಿಂದ ಬರೋ ರೈತರ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸೋದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಯ್ತು. ದಲಿತ ಮಕ್ಕಳಿಗಾಗಿ ಬೆಂಗಳೂರಲ್ಲಿ ಶಾಲೆ, ವಿದ್ಯಾರ್ಥಿ ನಿಲಯ ಅಂತ ಓಡಾಡಿದವರು ಗೋಪಾಲಸ್ವಾಮಿ ಅಯ್ಯರ್. ತುಮಕೂರಿನ ಸಿದ್ಧಗಂಗೆಯಲ್ಲಂತೂ ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಇವತ್ತಿಗೂ ಊಟ, ವಸತಿ, ವಿದ್ಯೆ ನಡೀತಿದೆ.

ನಮ್ಮ ರಾಜ್ಯದಲ್ಲಿ ಓದು ಹರಡಿದ್ದರ ಹಿಂದೆ ಶಾಲೆಗಳಷ್ಟೇ ಅಲ್ಲ, ಈ ಅಡುಗೆ ಮನೆಗಳೂ ಇವೆ. ಕಾಲೇಜಿಗೆ ಸೀಟು ಸಿಕ್ಕರೂ ಊಟ ಸಿಗದಿದ್ರೆ ಹುಡುಗ ವಾಪಸ್ ಬಸ್ ಹತ್ತಬೇಕಿತ್ತು.

ಹೆಸರಲ್ಲೇ ವಿದ್ಯಾರ್ಥಿ

ಈಗ ಹೋಟೆಲಿಗೆ ಬರೋಣ. ನಮ್ಮ ಮೊದಲ ಶನಿವಾರ ನಾವು ಮೂವರೂ ಗಾಂಧಿ ಬಜಾರಿಗೆ ಹೋದ್ವಿ. ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದ್ವಿ. ಒಳಗೆ ಹೋದ್ರೆ ಪಂಚೆ ಉಟ್ಟ ಮಾಣಿಯೊಬ್ಬರು ಒಂದೇ ಕೈಯಲ್ಲಿ ತಟ್ಟೆ ಮೇಲೆ ತಟ್ಟೆ ಪೇರಿಸ್ಕೊಂಡು ದೋಸೆ ತರ್ತಿದ್ರು. ಕುಂದಾಪುರದ ಹುಡುಗ ಅದನ್ನೇ ವಿಡಿಯೋ ಮಾಡ್ತಾ ಕೂತ, ಅವನ ದೋಸೆ ಆರಿಹೋಯ್ತು.

ಆ ಹೆಸರು ಯಾಕೆ ಬಂತು ಅಂತ ಆವತ್ತು ನನಗೆ ತಲೆಗೆ ಹೊಳೆದಿರಲಿಲ್ಲ. ಬಸವನಗುಡಿ 1898ರ ಪ್ಲೇಗ್ ನಂತರ ತುಂಬಿಕೊಂಡ ಬಡಾವಣೆ. ಸುತ್ತಮುತ್ತ ಶಾಲೆಗಳು ಬಂದ್ವು, ನ್ಯಾಷನಲ್ ಹೈಸ್ಕೂಲು, ಆಚಾರ್ಯ ಪಾಠಶಾಲೆ. 1943ರಲ್ಲಿ ವೆಂಕಟರಮಣ ಉರಾಳರು ಇಲ್ಲೊಂದು ಸಣ್ಣ ಹೋಟೆಲ್ ಇಟ್ಟಾಗ ಬರ್ತಿದ್ದ ಗಿರಾಕಿಗಳಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಹೆಸರು ಹಾಗೇ ನಿಂತುಬಿಡ್ತು. 1970ರಲ್ಲಿ ರಾಮಕೃಷ್ಣ ಅಡಿಗರು ಅದನ್ನ ಕೊಂಡುಕೊಂಡ್ರು, ಹೆಸರು ಬದಲಾಯಿಸಲಿಲ್ಲ. ಇವತ್ತು ಆ ಕ್ಯೂನಲ್ಲಿ ನಿಂತವರಲ್ಲಿ ವಿದ್ಯಾರ್ಥಿಗಳಿಗಿಂತ ಕಾರಲ್ಲಿ ಬಂದವರೇ ಜಾಸ್ತಿ ಇರಬಹುದು. ಆದ್ರೆ ಬೋರ್ಡು ಇನ್ನೂ ನಮ್ಮ ಹೆಸರಲ್ಲೇ ಇದೆ.

ಅಲ್ಲಿಂದ ಲಾಲ್‌ಬಾಗ್ ಕಡೆ ನಡೆದ್ರೆ ಎಂಟಿಆರ್. ಇದು ಶುರುವಾಗಿದ್ದು 1924ರಲ್ಲಿ, ಪರಮೇಶ್ವರ ಮಯ್ಯ ಮತ್ತು ಸೋದರರಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ನಾವೇ ಅಂತ ಅವರು ಹೇಳಿಕೊಳ್ತಾರೆ. ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಹೆಸರಾಗಿದ್ದು 1960ರಲ್ಲಿ. ಅದಕ್ಕೂ ಮೊದಲಿನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಈ 'ಬ್ರಾಹ್ಮಣ' ಅನ್ನೋ ಪದ ಆ ಕಾಲದ ಹೋಟೆಲುಗಳ ಬೋರ್ಡಲ್ಲಿ ಮಾಮೂಲಿ. ಅದರ ಅರ್ಥ, ಒಳಗೆ ಅಡುಗೆ ಮಾಡೋರು ಬ್ರಾಹ್ಮಣರು, ಮಡಿವಂತರೂ ಧೈರ್ಯವಾಗಿ ಬಂದು ಕಾಫಿ ಕುಡೀಬಹುದು ಅಂತ. ಬೇರೆಯವರು ಮಾಡಿದ್ದನ್ನ ತಿನ್ನೋದು, ಬೇರೆಯವರ ಪಕ್ಕ ಕೂತು ತಿನ್ನೋದು ಎರಡೂ ತಪ್ಪು ಅಂತಿದ್ದ ಜನರನ್ನ ಮನೆಯಿಂದ ಹೊರಗೆ ಎಳೆದು ತಂದಿದ್ದು ಇಂಥ ಹೋಟೆಲುಗಳೇ. ಆ ಲೆಕ್ಕದಲ್ಲಿ ಅದು ದೊಡ್ಡ ಬದಲಾವಣೆ. ಆದರೆ ಎಷ್ಟೋ ಊರಿನ ಹೋಟೆಲುಗಳಲ್ಲಿ ಕೂರೋ ಜಾಗ ಬೇರೆ ಬೇರೆ ಇತ್ತು. ಕೆಲವರಿಗೆ ಒಳಗೆ, ಕೆಲವರಿಗೆ ಹೊರಗೆ, ಇನ್ನು ಕೆಲವರಿಗೆ ಹೊರಗೂ ಇಲ್ಲ.

ಇದನ್ನ ನಾನು ಪುಸ್ತಕದಲ್ಲಿ ಓದಿ ಹೇಳ್ತಿಲ್ಲ. ನಮ್ಮ ತಾತನಿಂದ ಕೇಳಿ ಹೇಳ್ತಿದ್ದೀನಿ.

ತಾತನ ಫೋನು

ಭಾನುವಾರ ರಾತ್ರಿ ಪಿಜಿಯಲ್ಲಿ ಊಟ ಇರಲ್ಲ ಅಂದೆನಲ್ಲ. ಅವತ್ತು ನಾನು ಯಾವುದಾದ್ರೂ ದರ್ಶಿನಿಯಲ್ಲಿ ತಿಂದು ಊರಿಗೆ ಫೋನ್ ಮಾಡ್ತಿದ್ದೆ. ಒಂದು ಸಲ ತಾತ ಎತ್ತಿದ್ರು. ಏನ್ ತಿಂದೆ ಅಂದ್ರು. ದೋಸೆ ಫೋಟೋ ಕಳಿಸಿದ್ದೆ, ಅಪ್ಪ ತೋರಿಸಿದ್ರಂತೆ. ಒಳಗೆ ಕೂತ್ಕಂಡು ತಿಂದ್ಯಾ ಅಂತ ಕೇಳಿದ್ರು. ನನಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ.

ಆಮೇಲೆ ಹೇಳಿದ್ರು. 1961ರಲ್ಲಿ, ಹತ್ತೊಂಬತ್ತು ಇಪ್ಪತ್ತು ವಯಸ್ಸಲ್ಲಿ, ತಾತ ಟೈಪಿಂಗ್ ಪರೀಕ್ಷೆ ಬರೆಯೋಕೆ ಬೆಂಗಳೂರಿಗೆ ಬಂದಿದ್ರು. ಜೀವನದಲ್ಲಿ ಮೊದಲ ಸಲ. ಬೆಳಿಗ್ಗೆ ಪರೀಕ್ಷೆ ಮುಗೀತು, ಬಸ್ಸಿರೋದು ರಾತ್ರಿ. ಹೊಟ್ಟೆ ಹಸಿದಿತ್ತು, ಜೇಬಲ್ಲಿ ದುಡ್ಡೂ ಇತ್ತು. ಒಂದು ಹೋಟೆಲ್ ಮುಂದೆ ಬಹಳ ಹೊತ್ತು ನಿಂತಿದ್ರು. ನಮ್ಮೂರ ಹೋಬಳಿಯ ಹೋಟೆಲಲ್ಲಿ ನಮ್ಮ ಕೇರಿಯವರಿಗೆ ಅಂತಲೇ ಬೇರೆ ಲೋಟ ಇರ್ತಿತ್ತು, ಹೊರಗೆ ಸೂರಿಗೆ ಸಿಗಿಸಿಟ್ಟಿರೋರು. ತಾವೇ ತಗೋಬೇಕು, ಮೇಲಿಂದ ಟೀ ಹುಯ್ಯೋರು, ಕುಡಿದು ತಾವೇ ತೊಳೆದು ಅಲ್ಲೇ ಸಿಗಿಸಬೇಕು. ಬೆಂಗಳೂರಿನ ಹೋಟೆಲಲ್ಲಿ ಅಂಥ ಲೋಟ ಎಲ್ಲಿಟ್ಟಿರ್ತಾರೆ ಅಂತ ತಾತ ಹುಡುಕ್ತಿದ್ರಂತೆ. ಕಾಣಲಿಲ್ಲ.

"ಯಾರೂ ಬ್ಯಾಡ ಅನ್ಲಿಲ್ಲ ಕಣವ್ವ. ಯಾರೂ ಕೇಳ್ಲೂ ಇಲ್ಲ. ನಾನೇ ಒಳಕ್ಕೆ ಹೋಗ್ಲಿಲ್ಲ," ಅಂದ್ರು.

ಕಬ್ಬನ್ ಪಾರ್ಕಿಗೆ ಹೋಗಿ, ಒಂದು ಪೊಟ್ಟಣ ಕಡಲೆಕಾಯಿ ಕೊಂಡು, ಬೆಂಚ್ ಮೇಲೆ ಕೂತು ತಿಂದು, ರಾತ್ರಿ ಬಸ್ ಹತ್ತಿದ್ರು. ಪರೀಕ್ಷೆ ಪಾಸಾಯ್ತು, ಹಾಸನದಲ್ಲಿ ಗುಮಾಸ್ತರ ಕೆಲಸ ಸಿಕ್ತು. ಆಮೇಲೆ ತಾತ ಎಷ್ಟೋ ಹೋಟೆಲಲ್ಲಿ ತಿಂದಿದ್ದಾರೆ, ನಮಗೂ ತಿನ್ನಿಸಿದ್ದಾರೆ. ಆದರೆ ಆ ಮೊದಲ ದಿನದ ವಿಷಯ ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಕಾನೂನಿನ ಕಡೆ ನೋಡಿ. ಮೈಸೂರು ಸಂಸ್ಥಾನದಲ್ಲಿ 1943ರಲ್ಲೇ, ಅಂದ್ರೆ ವಿದ್ಯಾರ್ಥಿ ಭವನ ಶುರುವಾದ ವರ್ಷವೇ, ಸಾರ್ವಜನಿಕ ಜಾಗಗಳಿಂದ ದಲಿತರನ್ನ ದೂರ ಇಡೋದರ ವಿರುದ್ಧ ಕಾಯ್ದೆ ಬಂದಿತ್ತು. 1950ರಲ್ಲಿ ಸಂವಿಧಾನ ಬಂತು. ಅದರ 15ನೇ ವಿಧಿಯ ಎರಡನೇ ಭಾಗ ಓದಿದ್ದೀರಾ? ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇಂಥ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿ ಅದರಲ್ಲಿದೆ. ಅಂಗಡಿ, ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ರಸ್ತೆ, ಜನ ಸೇರೋ ಸಾರ್ವಜನಿಕ ಜಾಗ. ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ನನಗೆ ಅದು ಬರೀ ಪಟ್ಟಿ. ಆ ಭಾನುವಾರ ರಾತ್ರಿ ಮತ್ತೆ ಓದಿದಾಗ ನಮ್ಮ ಮೂವರ ಶನಿವಾರದ ಪ್ಲಾನ್ ಥರ ಕಾಣ್ತು. ಅಂಗಡಿ, ಹೋಟೆಲ್, ಸಿನಿಮಾ, ಕೆರೆ ದಂಡೆ, ಪಾರ್ಕು. 1955ರಲ್ಲಿ ಅಸ್ಪೃಶ್ಯತೆಯನ್ನ ಶಿಕ್ಷಿಸೋ ಕಾಯ್ದೆ ಕೂಡ ಬಂತು. ತಾತ ಹೋಟೆಲ್ ಮುಂದೆ ನಿಂತಿದ್ದು ಅದಾಗಿ ಆರು ವರ್ಷಕ್ಕೆ. ಕಾನೂನು ಬಾಗಿಲು ತೆಗೆದಿತ್ತು, ಹೆಜ್ಜೆ ಇಡೋ ಧೈರ್ಯ ಇನ್ನೂ ಬಂದಿರಲಿಲ್ಲ.

ಐದು ಗಂಟೆ ಒಂದು ಉದ್ಯಾನದಲ್ಲಿ

ತಾತನ ಬೆಂಚು ನನಗೆ ಇನ್ನೊಂದು ಉದ್ಯಾನವನ್ನ ನೆನಪಿಸಿತು. ಅದು ಬೆಂಗಳೂರಲ್ಲ, ಗುಜರಾತಿನ ಬರೋಡ. 1917. ಇಪ್ಪತ್ತಾರು ವರ್ಷದ ಒಬ್ಬ ಯುವಕ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ಆಮೇಲೆ ಲಂಡನ್, ಎರಡೂ ಕಡೆ ಓದಿ ಬಂದು ಬರೋಡ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದ್ದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಿಜಿ ಹುಡುಕ್ತಿದ್ದ. ಯಾರೂ ರೂಮ್ ಕೊಡಲಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಅಂತ ಹೇಳಿಕೊಂಡು ಸೇರಿದ. ಹನ್ನೊಂದನೇ ದಿನ ಹತ್ತಾರು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದ್ರು. ಇಬ್ಬರು ಸ್ನೇಹಿತರನ್ನ ಕೇಳಿದ, ಇಬ್ಬರೂ ನೆಪ ಹೇಳಿದ್ರು. ಬಾಂಬೆ ರೈಲು ರಾತ್ರಿಗೆ. ಅಲ್ಲಿವರೆಗೆ ಐದು ಗಂಟೆ ಕಾಲ ಕಾಮಾಠಿ ಬಾಗ್ ಅನ್ನೋ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದ. ಅವರು ಡಾ. ಬಿ.ಆರ್. ಅಂಬೇಡ್ಕರ್. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಆತ್ಮಕಥನದಲ್ಲಿ ಇದನ್ನ ಅವರೇ ಬರೆದಿದ್ದಾರೆ. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರೂ ಅವರೇ. ಆ ಪಟ್ಟಿಯಲ್ಲಿ ಹೋಟೆಲೂ ಇದೆ, ಜನ ಸೇರೋ ಜಾಗವೂ ಇದೆ ಅಂದ್ರೆ ನನಗಂತೂ ಆಶ್ಚರ್ಯ ಆಗಲಿಲ್ಲ.

ನೂರು ವರ್ಷದ ಹಿಂದಿನ ಮಾತು ಬಿಡಿ ಅಂತೀರಾ? ಬೆಂಗಳೂರಿಗೆ ಬಂದ ಮೊದಲ ವಾರ ನಾನು ನೋಡಿದ ಒಂದು ರೂಮಿನ ಓನರ್ ಆಂಟಿ ತುಂಬಾ ಪ್ರೀತಿಯಿಂದ ಮಾತಾಡಿದ್ರು. ವೆಜ್ಜಾ ನಾನ್‌ವೆಜ್ಜಾ ಅಂದ್ರು. ಆಮೇಲೆ, "ನೀವು ಯಾವ ಕಡೆಯವರಮ್ಮ?" ಅಂದ್ರು. ಹಾಸನದ ಕಡೆ ಅಂದೆ. "ಅದಲ್ಲ, ಯಾವ ಜನ?" ಅಂದ್ರು. ರೂಮ್ ಖಾಲಿ ಆದ್ರೆ ಫೋನ್ ಮಾಡ್ತೀನಿ ಅಂತ ನಂಬರ್ ತಗೊಂಡ್ರು. ಫೋನ್ ಬರಲಿಲ್ಲ. ಆ ರೂಮಿನ ಬೀಗ ತೆಗೆದು ತೋರಿಸಿದ್ದು ಅವರೇ, ಖಾಲಿಯೇ ಇತ್ತು.

ನಿಂತು ತಿನ್ನೋ ಸುಖ

ಹಾಗಾದ್ರೆ ಈ ಊರಲ್ಲಿ ನನಗೆ ಅತಿ ಹೆಚ್ಚು ಇಷ್ಟ ಆದ ಜಾಗ ಯಾವುದು ಗೊತ್ತಾ? ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ್ರು. ಹೊರದೇಶದ ಫಾಸ್ಟ್ ಫುಡ್ ಅಂಗಡಿ ನೋಡಿ ಬಂದಿದ್ದ ಅವರು ಅದೇ ಉಪಾಯವನ್ನ ಇಡ್ಲಿ-ವಡೆಗೆ ಹಾಕಿದ್ರು. ಕೂರೋಕೆ ಕುರ್ಚಿ ಇಲ್ಲ, ಬಡಿಸೋಕೆ ಮಾಣಿ ಇಲ್ಲ. ದುಡ್ಡು ಕೊಡು, ಟೋಕನ್ ತಗೋ, ಕೌಂಟರಲ್ಲಿ ಇಸ್ಕೋ, ನಿಂತು ತಿನ್ನು, ತಟ್ಟೆ ಟಬ್ಬಿಗೆ ಹಾಕು. ಅಡುಗೆ ಮಾಡೋದು ಎಲ್ಲರ ಕಣ್ಣ ಮುಂದೆ. ಜಾಗ ಕಮ್ಮಿ, ಜನ ಬೇಗ ಬೇಗ ಬದಲಾಗ್ತಾರೆ, ಅದಕ್ಕೇ ರೇಟು ಕಮ್ಮಿ. ಕೆಲವೇ ವರ್ಷದಲ್ಲಿ ಊರಿನ ಮೂಲೆಮೂಲೆಗೂ ದರ್ಶಿನಿ ಬಂತು.

ಅದನ್ನ ಶುರು ಮಾಡಿದ್ದು ವ್ಯಾಪಾರಕ್ಕೆ. ಆದರೆ ಅದರಿಂದ ಇನ್ನೊಂದು ಕೆಲಸವೂ ಆಯ್ತು ಅನ್ನೋದು ನನ್ನ ಲೆಕ್ಕ. ಒಂದೇ ಎತ್ತರದ ಮೇಜು, ಎಲ್ಲರೂ ನಿಂತಿದ್ದಾರೆ. ನನ್ನ ಪಕ್ಕ ಆಟೋ ಡ್ರೈವರಣ್ಣ, ಎದುರಿಗೆ ಐಡಿ ಕಾರ್ಡ್ ನೇತು ಹಾಕಿಕೊಂಡ ಸಾಫ್ಟ್‌ವೇರ್‌ನವರು, ಆ ಕಡೆ ವಾಕಿಂಗ್ ಮುಗಿಸಿ ಬಂದ ಅಜ್ಜ-ಅಜ್ಜಿ. ಯಾರು ಯಾರ ಪಕ್ಕ ನಿಲ್ಲಬೇಕು ಅನ್ನೋ ನಿಯಮ ಹಾಕೋಕೆ ಅಲ್ಲಿ ಟೈಮೇ ಇಲ್ಲ.

ಹುಡುಗಿಯಾಗಿ ಇನ್ನೊಂದು ಮಾತು. ಹಳೇ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಅಂತ ಬೋರ್ಡ್ ನೋಡಿರ್ತೀರಿ. ಹೆಂಗಸರು ಬರೋದೇ ಕುಟುಂಬದ ಜೊತೆ, ಕೂರೋದು ಪರದೆ ಹಿಂದೆ ಅನ್ನೋ ಕಾಲದ ಗುರುತು ಅದು. ನಮ್ಮೂರಲ್ಲಿ ಇವತ್ತಿಗೂ ನಾನು ಒಬ್ಬಳೇ ಹೋಟೆಲಿಗೆ ಹೋಗಿ ಕಾಫಿ ಕುಡಿದ್ರೆ ಸಂಜೆಯೊಳಗೆ ಅಮ್ಮನಿಗೆ ಸುದ್ದಿ ಮುಟ್ಟಿರುತ್ತೆ. ಬೆಂಗಳೂರಿನ ದರ್ಶಿನಿಯಲ್ಲಿ ಬೈಟು ಕಾಫಿಯ ಅರ್ಧ ಲೋಟ ಹಿಡಿದು ಒಬ್ಬಳೇ ನಿಂತಿದ್ರೆ ಯಾರೂ ತಿರುಗಿ ನೋಡಲ್ಲ. ಆ 'ಯಾರೂ ನೋಡಲ್ಲ' ಅನ್ನೋದಕ್ಕೆ ಎಷ್ಟು ಬೆಲೆ ಅಂತ ಊರಿಂದ ಬಂದ ಹುಡುಗಿಯರಿಗೆ ಗೊತ್ತು.

ಸ್ಟೈಪೆಂಡ್ ಮುಗಿದ ವಾರಗಳಲ್ಲಿ ಇಂದಿರಾ ಕ್ಯಾಂಟೀನ್ ಇತ್ತು. 2017ರ ಆಗಸ್ಟ್ 16ರಂದು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ಇಟ್ಟಿದ್ರು. ಮಧ್ಯಾಹ್ನ ಅನ್ನ-ಸಾಂಬಾರಿಗೆ ಕ್ಯೂ ನಿಂತಾಗ ಕಲಬುರಗಿ ಹುಡುಗಿ ಮೊದಲ ದಿನ ಮುಜುಗರ ಪಟ್ಟುಕೊಂಡಳು, ಎರಡನೇ ದಿನ ತಾನೇ ನಮ್ಮನ್ನ ಎಳೆದುಕೊಂಡು ಹೋದಳು. ಕಾಫಿಗೆ ಕೂತು ಹರಟಬೇಕು ಅನಿಸಿದ್ರೆ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನ ಮುಚ್ಚೋಕೆ ಹೊರಟಾಗ, ಕೆಲಸ ಕಳಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ನೆರವಿನಿಂದ ಸಹಕಾರ ಸಂಘ ಕಟ್ಟಿಕೊಂಡ್ರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ, 1957ರ ಆಗಸ್ಟ್ 19ಕ್ಕೆ. ನಿಮಗೆ ಕಾಫಿ ತಂದುಕೊಡೋರೇ ಅಲ್ಲಿನ ಮಾಲೀಕರೂ ಹೌದು. ಒಂದು ಕಾಫಿಗೆ ಎರಡು ಗಂಟೆ ಕೂತರೂ ನಮ್ಮನ್ನ ಯಾರೂ ಎಬ್ಬಿಸಲಿಲ್ಲ.

ದುಡ್ಡಿಲ್ಲದೆ ಸುತ್ತೋದು

ತಿಂದಾಯ್ತು, ಸುತ್ತೋದು ಹೇಗೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನಮ್ಮಿಬ್ಬರು ಹುಡುಗಿಯರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಪೂರ್ತಿ ಫ್ರೀ. ಆಧಾರ್ ತೋರಿಸು, ಶೂನ್ಯ ದರದ ಟಿಕೆಟ್ ಇಸ್ಕೋ, ಕಿಟಕಿ ಸೀಟು ಹಿಡಿ. ಕುಂದಾಪುರದ ಹುಡುಗ ಪ್ರತಿ ಸಲ ದುಡ್ಡು ಕೊಟ್ಟು ಟಿಕೆಟ್ ತಗೊಳ್ತಾ ನಮ್ಮನ್ನ ಬೈಕೊಳ್ತಿದ್ದ. ಕೆಲವು ಭಾನುವಾರ ನಾವು ಎಲ್ಲೂ ಇಳೀದೆ ಕೊನೇ ಸ್ಟಾಪ್‌ವರೆಗೂ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬಂದಿದ್ದೀವಿ. ಅದೂ ಒಂದು ಔಟಿಂಗೇ.

ಕಾರ್ತಿಕದ ಕೊನೇ ಸೋಮವಾರ ಆಫೀಸ್ ಬಿಟ್ಟು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದ್ವಿ. ದೊಡ್ಡ ಬಸವಣ್ಣನ ಗುಡಿ ರಸ್ತೆ ತುಂಬಾ ಕಡಲೆಕಾಯಿ ಗುಡ್ಡೆ, ಹಸೀದು, ಹುರಿದಿದ್ದು, ಬೇಯಿಸಿದ್ದು. ಸೇರಿನ ಲೆಕ್ಕದಲ್ಲಿ ಅಳೆದು ಕೊಡ್ತಿದ್ರು. ನಾಡಿನ ರೈತರು ತಂದ ಹೊಸ ಫಸಲು ಅದು. ಊರಿಂದ ಬಂದವರಿಗೆ ಆ ದಿನ ಬೆಂಗಳೂರು ನಮ್ಮೂರ ಸಂತೆ ಥರಾನೇ ಕಾಣುತ್ತೆ.

ಸಂಜೆಗೆ ಬಾಯಾಡಿಸೋಕೆ ಅಯ್ಯಂಗಾರ್ ಬೇಕರಿ. ಇದಕ್ಕೂ ನಮ್ಮ ಹಾಸನಕ್ಕೂ ನಂಟಿದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆಗೆದ ತಿರುಮಲಾಚಾರ್ ಮತ್ತು ಅವರ ತಮ್ಮ ಹಾಸನದ ಕಡೆಯಿಂದ ಬಂದವರು. ಅವರ ಹಿಂದೆ ನೆಂಟರು, ಅವರ ಹಿಂದೆ ಊರವರು. ಖಾರ ಬನ್ನು ತಿನ್ನುವಾಗೆಲ್ಲ ನಾನು ಇವರಿಬ್ಬರಿಗೆ, "ನೋಡ್ರೋ, ನಮ್ ಜಿಲ್ಲೇದು" ಅಂತ ಕೊಚ್ಚಿಕೊಳ್ತಿದ್ದೆ.

ಒಂದು ಶನಿವಾರ ಮೆಜೆಸ್ಟಿಕ್‌ನಲ್ಲಿ ಸಿನಿಮಾ. ಆ ಏರಿಯಾಗೆ ಹೆಸರು ಬಂದಿದ್ದೇ ಮೆಜೆಸ್ಟಿಕ್ ಅನ್ನೋ ಚಿತ್ರಮಂದಿರದಿಂದ. ಕೆಂಪೇಗೌಡ ರಸ್ತೆಯ ಸುತ್ತಮುತ್ತ ಸಾಲು ಸಾಲು ಥಿಯೇಟರ್ ಇದ್ದ ಕಾಲದಲ್ಲಿ, ಪರದೆಗೆ ಅಂಟಿಕೊಂಡಂತಿದ್ದ ಅತಿ ಅಗ್ಗದ ಮುಂದಿನ ಸಾಲಿಗೆ 'ಗಾಂಧಿ ಕ್ಲಾಸ್' ಅಂತಿದ್ರು. ಅಲ್ಲಿ ಟಿಕೆಟ್ ದುಡ್ಡೊಂದೇ ಕೇಳ್ತಿದ್ರು, ಬೇರೇನೂ ಕೇಳ್ತಿರಲಿಲ್ಲ. ದುಡ್ಡಿನ ಅಂತರ ಇತ್ತು, ಆದರೆ ದೀಪ ಆರಿದ ಮೇಲೆ ಪಕ್ಕದಲ್ಲಿರೋದು ಯಾರು ಅಂತ ಯಾರಿಗೂ ಬೇಕಿರಲಿಲ್ಲ. ಕಪಾಲಿಯಂಥ ದೊಡ್ಡ ಚಿತ್ರಮಂದಿರ ಈಗಿಲ್ಲ, ಗಾಂಧಿ ಕ್ಲಾಸೂ ಇಲ್ಲ. ಮಾಲ್‌ಗಳಲ್ಲಿ ಟಿಕೆಟ್ಟಿಗಿಂತ ಪಾಪ್‌ಕಾರ್ನ್ ದುಬಾರಿ. ಈ ವಿಷಯದಲ್ಲಿ ನಮ್ಮ ಕಾಲವೇ ಮುಂದೆ ಅಂತ ಹೇಳೋಕೆ ಬರಲ್ಲ.

ಆ ಬೆಂಚು

ಜನವರಿಯಲ್ಲಿ ತಾತ ಕಣ್ಣಿನ ಆಸ್ಪತ್ರೆಗೆ ಅಂತ ಅಪ್ಪನ ಜೊತೆ ಬೆಂಗಳೂರಿಗೆ ಬಂದ್ರು. ಆಸ್ಪತ್ರೆ ಕೆಲಸ ಮುಗಿದ ಮೇಲೆ ಲಾಲ್‌ಬಾಗ್‌ಗೆ ಕರ್ಕೊಂಡು ಹೋದೆ. ಹೈದರಾಲಿ ಕಾಲದಲ್ಲಿ, 1760ರಲ್ಲಿ, ಅರಸರಿಗಾಗಿ ಶುರುವಾದ ತೋಟ. 1889ರಲ್ಲಿ ಕಟ್ಟೋಕೆ ಶುರು ಮಾಡಿದ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೀತಿತ್ತು, ಕಾಲಿಡೋಕೆ ಜಾಗ ಇರಲಿಲ್ಲ. ತಾತ ಹೂವಿಗಿಂತ ಜಾಸ್ತಿ ನೋಡಿದ್ದು ಜನರನ್ನ.

ಆಮೇಲೆ ನಾನೇ ಕೇಳಿದೆ, ಕಬ್ಬನ್ ಪಾರ್ಕಿಗೆ ಹೋಗೋಣವಾ ಅಂತ. ಹೋದ್ವಿ. 1870ರಲ್ಲಿ ಬ್ರಿಟಿಷರ ಕಾಲದಲ್ಲಿ ಸ್ಯಾಂಕಿ ಅನ್ನೋ ಎಂಜಿನಿಯರ್ ರೂಪಿಸಿದ ಪಾರ್ಕು ಅದು. 1927ರಿಂದ ಅದರ ಅಧಿಕೃತ ಹೆಸರು ಚಾಮರಾಜೇಂದ್ರ ಉದ್ಯಾನ. ಯಾರಿಗೂ ಆ ಹೆಸರು ನೆನಪಿಲ್ಲ. ಕೆಂಪು ಬಣ್ಣದ ಗ್ರಂಥಾಲಯದ ಆಚೀಚೆ ತಾತ ಬೆಂಚು ಹುಡುಕಿದ್ರು. ಸಿಗಲಿಲ್ಲ. ಅರವತ್ತೆರಡು ವರ್ಷ ಆಗಿದೆ, ಮರಗಳೇ ಬೇರೆ ಥರ ಕಾಣ್ತವೆ ಅಂದ್ರು. ಯಾವುದೋ ಒಂದರ ಮೇಲೆ ಕೂತು ಕಡಲೆಕಾಯಿ ತಿಂದ್ವಿ.

ಸಂಜೆ ಜಯನಗರಕ್ಕೆ ಬಂದು, ನಾನು ದಿನಾ ಹೋಗ್ತಿದ್ದ ದರ್ಶಿನಿಯಲ್ಲಿ ಇಡ್ಲಿ, ಕಾಫಿ. ದುಡ್ಡು ನಾನೇ ಕೊಟ್ಟೆ, ಸ್ಟೈಪೆಂಡ್ ದುಡ್ಡು. ತಾತ ಮೇಜಿಗೆ ಒರಗಿ ನಿಂತು ನಿಧಾನಕ್ಕೆ ತಿಂದ್ರು. ಕಾಫಿ ಕುಡಿದಾದ ಮೇಲೆ ಲೋಟ ಟಬ್ಬಿಗೆ ಹಾಕೋ ಬದಲು ಕೈ ತೊಳೆಯೋ ನಲ್ಲಿ ಹತ್ತಿರ ಹೋಗಿ, ಲೋಟ ತೊಳೆದು, ನೀರು ಝಾಡಿಸಿ, ಎಲ್ಲಿಡೋದು ಅಂತ ಸುತ್ತ ನೋಡ್ತಾ ನಿಂತ್ರು. ಮೇಜು ಒರೆಸ್ತಿದ್ದ ಹುಡುಗ ನೋಡಿ, "ಯಜಮಾನ್ರೆ, ಬಿಡಿ, ನಾವ್ ತೊಳೀತೀವಿ, ಅಲ್ಲೇ ಹಾಕ್ಬುಡಿ," ಅಂದ.

ತಾತ ಲೋಟ ಟಬ್ಬಿಗೆ ಹಾಕಿದ್ರು. ನನ್ನ ಕಡೆ ತಿರುಗಿ, "ಅಭ್ಯಾಸ ಕಣವ್ವ," ಅಂದ್ರು. ಆಮೇಲೆ ಇನ್ನೊಂದು ಕಾಫಿ ಬೇಕು ಅಂದ್ರು. ತರೋಕೆ ಹೋದೆ.

ಇವತ್ತಿನ ಸಂಚಿಕೆ ಇಷ್ಟೇ. ನಿಮ್ಮದೊಂದು ಮನೆಗೆಲಸ ಇದೆ. ಈ ವಾರ ಮನೆಯಲ್ಲಿರೋ ಹಿರಿಯರಿಗೆ ಫೋನ್ ಮಾಡಿ, ಮೊದಲ ಸಲ ಊರು ಬಿಟ್ಟು ಹೋದಾಗ ಎಲ್ಲಿ ಊಟ ಮಾಡಿದ್ರಿ ಅಂತ ಕೇಳಿ. ಅವರು ಹೇಳೋದನ್ನ ನಿಮ್ಮ ಫೋನಲ್ಲೇ ರೆಕಾರ್ಡ್ ಮಾಡಿಟ್ಕೊಳ್ಳಿ.